ಕಿರುಮಾತ್ರೆಯ ಮಹಾಚರಿತ್ರೆ

ಎಥಿನೈಲ್ ಈಸ್ಟ್ರಡಯೋಲ್ ಎಂಬ ಕೃತಕ ಹಾರ್ಮೋನನ್ನು ಒಂದೇ ಒಂದು ಗ್ರಾಂ ತೂಗಿಕೊಂಡರೆ, ಸುಮಾರು 120 ಮಹಿಳೆಯರಿಗೆ ಇಡೀ ವರ್ಷಕ್ಕೆ ಬೇಕಾಗುವಷ್ಟು ಗರ್ಭನಿರೋಧಕ ಮಾತ್ರೆಗಳು ಅದರಿಂದ ಸಿದ್ಧವಾಗುತ್ತವೆ. ಇಂದು ಬಳಕೆಯಲ್ಲಿರುವ ಸಾಮಾನ್ಯ ಮಾತ್ರೆಯೊಂದರಲ್ಲಿ ಈ ವಸ್ತು ಇರುವುದು ಕೇವಲ 30 ಮೈಕ್ರೋಗ್ರಾಂ. ಅಷ್ಟು ಅಲ್ಪ ಪ್ರಮಾಣದ ರಾಸಾಯನಿಕವೊಂದು ಇನ್ನೊಂದು ಹಾರ್ಮೋನಿನ ಜೊತೆಗೂಡಿ ಸ್ತ್ರೀದೇಹದ ಅತ್ಯಂತ ಪ್ರಾಚೀನ ಲಯವನ್ನು, ತಿಂಗಳಿಗೊಮ್ಮೆ ಅಂಡಾಣು ಬಲಿತು ಹೊರಬರುವ ಆ ನಿಖರ ಪ್ರಕ್ರಿಯೆಯನ್ನು, ನೋವಿಲ್ಲದೆ, ಶಸ್ತ್ರದ ಸೋಂಕಿಲ್ಲದೆ ತಡೆದು ನಿಲ್ಲಿಸುತ್ತದೆ. ಬೇಡವೆನಿಸಿದ ದಿನ ಮಾತ್ರೆ ಬಿಟ್ಟರೆ ಲಯ ಮತ್ತೆ ಮರಳುತ್ತದೆ. ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನ ಮನುಕುಲಕ್ಕೆ ಕೊಟ್ಟ ಮಹತ್ತರ ಕಾಣಿಕೆಗಳಲ್ಲಿ ಪೆನಿಸಿಲಿನ್‌ನ ಪಕ್ಕದಲ್ಲೇ ಇದನ್ನೂ ನಿಲ್ಲಿಸಬೇಕು.

ಈ ಕಾರ್ಯವಿಧಾನದ ಸೊಗಸು ಅದರ ಸರಳತೆಯಲ್ಲಿದೆ. ಗರ್ಭ ಧರಿಸಿದ ಹೆಣ್ಣಿನ ದೇಹದಲ್ಲಿ ಪ್ರೊಜೆಸ್ಟರಾನ್ ಮತ್ತು ಈಸ್ಟ್ರೋಜೆನ್ ಹಾರ್ಮೋನುಗಳ ಮಟ್ಟ ಸತತವಾಗಿ ಎತ್ತರದಲ್ಲಿರುತ್ತದೆ. ಹಾಗಿರುವಷ್ಟು ಕಾಲ ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿ ಅಂಡಾಶಯಕ್ಕೆ ಹೊಸ ಅಂಡಾಣುವಿನ ಆದೇಶ ಕಳುಹಿಸುವುದಿಲ್ಲ. ಮಾತ್ರೆ ಇದೇ ಸನ್ನಿವೇಶವನ್ನು ಅನುಕರಿಸುತ್ತದೆ. ಆದೇಶ ಹೊರಡದು, ಅಂಡಾಣು ಬಲಿಯದು. ಜೊತೆಗೆ ಗರ್ಭಕಂಠದ ಲೋಳೆ ಗಟ್ಟಿಯಾಗಿ ವೀರ್ಯಾಣುಗಳ ಹಾದಿ ಮುಚ್ಚುತ್ತದೆ. ಗರ್ಭಾಶಯದ ಒಳಪದರವೂ ತೆಳುವಾಗಿಯೇ ಉಳಿಯುತ್ತದೆ. ಒಂದು ಕಾವಲು ತಪ್ಪಿದರೂ ಇನ್ನೊಂದು ಎಚ್ಚರವಾಗಿರುವ ವ್ಯವಸ್ಥೆ ಇದು.

ಆದರೂ ನಮ್ಮ ಮನೆಗಳಲ್ಲಿ ಮಾತ್ರೆಯ ಪ್ರಸ್ತಾಪ ಬಂದೊಡನೆ ಮೊದಲು ಕೇಳಿಬರುವುದು ಭಯದ ಮಾತು. ದಪ್ಪಗಾಗುತ್ತಾರಂತೆ, ಮುಂದೆ ಮಕ್ಕಳೇ ಆಗುವುದಿಲ್ಲವಂತೆ, ಕ್ಯಾನ್ಸರ್ ಬರುತ್ತದಂತೆ. ಈ ‘ಅಂತೆ’ಗಳಲ್ಲಿ ಕೆಲವು ಶುದ್ಧ ಸುಳ್ಳು, ಕೆಲವು ಅರ್ಧ ಸತ್ಯ, ಒಂದೆರಡು ಪೂರ್ಣ ಸತ್ಯ. ಅವುಗಳನ್ನು ಬೇರ್ಪಡಿಸಿ ನೋಡಲು ಈ ಮಾತ್ರೆ ನಡೆದು ಬಂದ ದಾರಿಯನ್ನು ಅರಿಯಬೇಕು. ಏಕೆಂದರೆ ಅದು ಇಂದು ಇಷ್ಟು ಸುರಕ್ಷಿತವಾಗಿರುವುದಕ್ಕೆ ವಿಜ್ಞಾನಿಗಳ ಪ್ರತಿಭೆ ಎಷ್ಟು ಕಾರಣವೋ, ಅಡ್ಡಪರಿಣಾಮಗಳ ಬಗ್ಗೆ ಬಾಯಿಬಿಟ್ಟು ಹೇಳಿದ ಮಹಿಳೆಯರ ಧೈರ್ಯವೂ ಅಷ್ಟೇ ಕಾರಣ.

ಮೆಕ್ಸಿಕೊದ ಕಾಡುಗೆಡ್ಡೆ, ಮಸಾಚುಸೆಟ್ಸ್‌ನ ಸಂಕಲ್ಪ

ಹಾರ್ಮೋನಿನಿಂದ ಗರ್ಭಧಾರಣೆಯನ್ನು ತಡೆಯಬಹುದೆಂಬ ಕಲ್ಪನೆಯನ್ನು ಪ್ರಯೋಗದ ಮೂಲಕ ಪ್ರತಿಪಾದಿಸಿದ ಆದ್ಯರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದ ಲುಡ್‌ವಿಗ್ ಹಾಬರ್‌ಲಾಂಟ್ ಪ್ರಮುಖರು. 1921ರ ಹೊತ್ತಿಗೇ ಅವರು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಇದನ್ನು ಕಂಡುಕೊಂಡಿದ್ದರು. ಅಡ್ಡಿಯಾದದ್ದು ಹಾರ್ಮೋನಿನ ಅಭಾವ. ಸಾವಿರಾರು ಹಂದಿಗಳ ಅಂಡಾಶಯಗಳನ್ನು ಸಂಸ್ಕರಿಸಿದರೂ ಶುದ್ಧ ಪ್ರೊಜೆಸ್ಟರಾನ್ ದೊರೆಯುತ್ತಿದ್ದುದು ಮಿಲಿಗ್ರಾಂಗಳ ಲೆಕ್ಕದಲ್ಲಿ. ಬಂಗಾರಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ವಸ್ತುವನ್ನು ಪ್ರತಿದಿನ ನುಂಗುವ ಮಾತ್ರೆಯಾಗಿ ಯಾರು ತಾನೆ ಊಹಿಸಬಲ್ಲರು?

ಆ ಬಾಗಿಲನ್ನು ತೆರೆದದ್ದು ಮೆಕ್ಸಿಕೊದ ಕಾಡುಗಳಲ್ಲಿ ಬೆಳೆಯುವ ಒಂದು ಗೆಡ್ಡೆ. ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ 1940ರ ದಶಕದಲ್ಲಿ ವೆರಾಕ್ರೂಜ್ ಪ್ರಾಂತದ ಕಾಡುಗೆಡ್ಡೆಗಳಲ್ಲಿರುವ ಡಯೋಸ್ಜೆನಿನ್ ಎಂಬ ಸಸ್ಯದ್ರವ್ಯವನ್ನು ಕೆಲವೇ ಹಂತಗಳಲ್ಲಿ ಪ್ರೊಜೆಸ್ಟರಾನ್ ಆಗಿ ಪರಿವರ್ತಿಸುವ ಮಾರ್ಗ ರೂಪಿಸಿದರು. 1944ರಲ್ಲಿ ಮೆಕ್ಸಿಕೊ ನಗರದಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿತು. ಅಲ್ಲಿಯೇ 1951ರ ಅಕ್ಟೋಬರ್ 15ರಂದು ಜಾರ್ಜ್ ರೋಸೆನ್‌ಕ್ರಾಂಜ್ ಮತ್ತು ಕಾರ್ಲ್ ಜೆರಾಸಿ ಅವರ ಮಾರ್ಗದರ್ಶನದಲ್ಲಿ ಲೂಯಿಸ್ ಮಿರಾಮಾಂಟೆಸ್ ಎಂಬ 26 ವರ್ಷದ ಮೆಕ್ಸಿಕನ್ ತರುಣ ನೊರೆಥಿಸ್ಟರಾನ್ ಅನ್ನು ಸಂಶ್ಲೇಷಿಸಿದ. ನೈಸರ್ಗಿಕ ಪ್ರೊಜೆಸ್ಟರಾನನ್ನು ಬಾಯಿಯ ಮೂಲಕ ಕೊಟ್ಟರೆ ಯಕೃತ್ತು ಅದರ ಬಹುಭಾಗವನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಹೊಸ ಅಣುವಾದರೋ ನುಂಗಿದರೂ ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತಿತ್ತು. ಇಂದಿಗೂ ಅನೇಕ ಮಾತ್ರೆಗಳಲ್ಲಿ ಇದೇ ಅಣು ದುಡಿಯುತ್ತಿದೆ.

ಅಣು ಸಿದ್ಧವಾಯಿತು. ಅದನ್ನು ಔಷಧವಾಗಿಸುವ ಛಲ ಹೊತ್ತವರು ಇಬ್ಬರು ಇಳಿವಯಸ್ಸಿನ ಮಹಿಳೆಯರು. ಒಬ್ಬರು ನರ್ಸ್ ಆಗಿದ್ದು ಜನನ ನಿಯಂತ್ರಣ ಚಳವಳಿಯ ನೇತಾರರಾದ ಮಾರ್ಗರೆಟ್ ಸ್ಯಾಂಗರ್; 1935ರಲ್ಲಿ ಭಾರತಕ್ಕೆ ಬಂದು ವಾರ್ಧಾದಲ್ಲಿ ಗಾಂಧೀಜಿಯವರೊಂದಿಗೆ ಇದೇ ವಿಷಯವಾಗಿ ಸಂವಾದ ನಡೆಸಿದವರು. ಗಾಂಧೀಜಿ ಸಂಯಮವೊಂದೇ ಮಾರ್ಗವೆಂದರು, ಸ್ಯಾಂಗರ್ ಒಪ್ಪಲಿಲ್ಲ. ಇನ್ನೊಬ್ಬರು ಕ್ಯಾಥರೀನ್ ಮೆಕಾರ್ಮಿಕ್. 1904ರಲ್ಲೇ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಜೀವಶಾಸ್ತ್ರದ ಪದವಿ ಪಡೆದ ಈಕೆ ಅಪಾರ ಸಂಪತ್ತಿನ ಒಡತಿ. 1953ರಲ್ಲಿ ಇವರಿಬ್ಬರೂ ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಹೋದರು. ಸರ್ಕಾರ ಹಣ ಕೊಡಲು ಹಿಂಜರಿದ ಸಂಶೋಧನೆಗೆ ಮೆಕಾರ್ಮಿಕ್ ಸುಮಾರು 20 ಲಕ್ಷ ಡಾಲರ್ ಧಾರೆಯೆರೆದರು. ಚೀನಾ ಮೂಲದ ಮಿನ್ ಚುಯೆ ಚಾಂಗ್ ಪ್ರಾಣಿಪ್ರಯೋಗಗಳನ್ನು ನಡೆಸಿದರೆ, ನಿಷ್ಠಾವಂತ ಕ್ಯಾಥೊಲಿಕ್ ಆಗಿದ್ದ ಸ್ತ್ರೀರೋಗತಜ್ಞ ಜಾನ್ ರಾಕ್ ಮಹಿಳೆಯರ ಮೇಲಿನ ಪರೀಕ್ಷೆಯ ಹೊಣೆ ಹೊತ್ತರು.

1956ರಲ್ಲಿ ಪೋರ್ಟೊರಿಕೊ ದ್ವೀಪದ ರಿಯೊ ಪಿಯೆದ್ರಾಸ್‌ನಲ್ಲಿ ವ್ಯಾಪಕ ಪರೀಕ್ಷೆ ಆರಂಭವಾಯಿತು. ಇಲ್ಲಿ ಕಥೆ ತಿರುವು ಪಡೆಯುತ್ತದೆ. ಪರೀಕ್ಷೆಯ ಮೇಲ್ವಿಚಾರಣೆ ವಹಿಸಿದ್ದ ವೈದ್ಯೆ ಎಡ್ರಿಸ್ ರೈಸ್-ರೇ ಸಲ್ಲಿಸಿದ ವರದಿಯಲ್ಲಿ ಎರಡು ಸಂಗತಿಗಳಿದ್ದವು. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡವರಲ್ಲಿ ಗರ್ಭಧಾರಣೆ ಸಂಪೂರ್ಣ ತಡೆಯಲ್ಪಟ್ಟಿತು. ಆದರೆ ಶೇ 17ರಷ್ಟು ಮಹಿಳೆಯರು ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವುಗಳಿಂದ ಬಳಲಿದರು. ಇಷ್ಟು ತೊಂದರೆ ಕೊಡುವ ಔಷಧ ಸಾರ್ವತ್ರಿಕ ಬಳಕೆಗೆ ಒಪ್ಪುವಂಥದ್ದಲ್ಲ ಎಂಬುದು ಆಕೆಯ ತೀರ್ಮಾನ. ಪಿಂಕಸ್ ಈ ದೂರುಗಳನ್ನು ಬಹುಮಟ್ಟಿಗೆ ಮನಸ್ಸಿನ ಕಲ್ಪನೆಯೆಂದು ಬದಿಗಿಟ್ಟರು. ತಾವು ಪ್ರಯೋಗಕ್ಕೆ ಒಳಗಾಗಿದ್ದೇವೆಂಬ ಪೂರ್ಣ ಅರಿವು ಆ ಬಡ ಮಹಿಳೆಯರಿಗೆ ಇರಲಿಲ್ಲ ಎಂಬುದೂ ಈ ಮಹಾಸಾಧನೆಗೆ ಅಂಟಿಕೊಂಡ ಕಳಂಕ. ಮೊದಲ ಮಾತ್ರೆಯಾದ ಎನೋವಿಡ್‌ನಲ್ಲಿ ಸುಮಾರು 10 ಮಿಲಿಗ್ರಾಂ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನಂತೆ ವರ್ತಿಸುವ ಕೃತಕ ಹಾರ್ಮೋನ್) ಮತ್ತು 150 ಮೈಕ್ರೋಗ್ರಾಂ ಈಸ್ಟ್ರೋಜೆನ್ ಇತ್ತು. ತೂಕದಲ್ಲಿ ಇಂದಿನ ಈಸ್ಟ್ರೋಜೆನ್ ಪ್ರಮಾಣದ ಐದು ಪಟ್ಟು! ಆ ಮಹಿಳೆಯರ ವಾಕರಿಕೆ ಕಲ್ಪನೆಯಾಗಿರಲಿಲ್ಲ.

1960ರಲ್ಲಿ ಅಮೆರಿಕ ಸರ್ಕಾರದ ಅನುಮೋದನೆ ದೊರೆಯಿತು. ಐದೇ ವರ್ಷಗಳಲ್ಲಿ ಅಲ್ಲಿನ 60 ಲಕ್ಷಕ್ಕೂ ಹೆಚ್ಚು ಮಹಿಳೆಯರು ಮಾತ್ರೆಯನ್ನು ಅಪ್ಪಿಕೊಂಡರು. ಹೆರಿಗೆಯ ಸಮಯವನ್ನು ತಾನೇ ನಿರ್ಧರಿಸುವ ಅಧಿಕಾರ ಸ್ತ್ರೀಗೆ ಲಭಿಸಿದಾಗ ಅವಳ ಶಿಕ್ಷಣ, ಉದ್ಯೋಗ, ದಾಂಪತ್ಯ ಎಲ್ಲದರ ಸ್ವರೂಪ ಬದಲಾಯಿತು. ಆದರೆ 1961ರಲ್ಲೇ ಈ ಮಾತ್ರೆ ಸೇವಿಸುತ್ತಿದ್ದ ಬ್ರಿಟನ್ನಿನ ನರ್ಸ್ ಒಬ್ಬರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಕರಣವನ್ನು ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತ್ತು. ಅಂಥ ಪ್ರಕರಣಗಳು ಒಂದೊಂದಾಗಿ ಕೂಡುತ್ತಾ ಹೋದವು. 1969ರಲ್ಲಿ ಪತ್ರಕರ್ತೆ ಬಾರ್ಬರಾ ಸೀಮನ್ ಮಾತ್ರೆಯ ಅಪಾಯಗಳನ್ನು ಪುಸ್ತಕ ರೂಪದಲ್ಲಿ ಬಯಲಿಗಿಟ್ಟರು. ಅದೇ ವರ್ಷಾಂತ್ಯದಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ಈಸ್ಟ್ರೋಜೆನ್ ಪ್ರಮಾಣ 50 ಮೈಕ್ರೋಗ್ರಾಂ ಮೀರಬಾರದೆಂದು ಸಲಹೆ ನೀಡಿತು. 1970ರಲ್ಲಿ ಅಮೆರಿಕದ ಸೆನೆಟರ್ ಗೇಲಾರ್ಡ್ ನೆಲ್ಸನ್ ಮಾತ್ರೆಯ ಸುರಕ್ಷತೆ ಕುರಿತು ವಿಚಾರಣೆ ನಡೆಸಿದಾಗ, ಮಾತ್ರೆ ಸೇವಿಸಿದ ಮಹಿಳೆಯರನ್ನೇ ಸಾಕ್ಷ್ಯಕ್ಕೆ ಕರೆದಿಲ್ಲವೇಕೆಂದು ಮಹಿಳಾ ಹೋರಾಟಗಾರ್ತಿ ಆಲಿಸ್ ವುಲ್ಫ್‌ಸನ್ ಮತ್ತು ಸಂಗಾತಿಗಳು ಸಭಾಂಗಣದಲ್ಲೇ ಎದ್ದು ನಿಂತು ಪ್ರಶ್ನಿಸಿದರು. ಅದೇ ವರ್ಷ ಮಾತ್ರೆಯ ಪ್ರತಿಯೊಂದು ಪೊಟ್ಟಣದಲ್ಲೂ ಅಪಾಯಗಳನ್ನು ತಿಳಿಸುವ ಮಾಹಿತಿಪತ್ರ ಇರಲೇಬೇಕೆಂಬ ಆದೇಶ ಹೊರಬಿತ್ತು. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಆ ತೆಳು ಕಾಗದವನ್ನು ಓದದೆ ಎಸೆಯುವವರು ಒಮ್ಮೆ ಈ ಇತಿಹಾಸವನ್ನು ನೆನೆಯಬೇಕು.

ಸಾವಿರಕ್ಕೆ ಮೂರೋ, ಎಪ್ಪತ್ತೋ?

ಮಾತ್ರೆ ಎಷ್ಟು ಪರಿಣಾಮಕಾರಿ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಸತ್ಯ. ಒಂದು ದಿನವೂ ತಪ್ಪದೆ ತೆಗೆದುಕೊಂಡರೆ ಮೊದಲ ವರ್ಷದಲ್ಲಿ 1,000 ಮಹಿಳೆಯರ ಪೈಕಿ ಗರ್ಭಿಣಿಯರಾಗುವವರು 3 ಮಂದಿ. ನಿತ್ಯಜೀವನದ ಮರೆವು, ಪ್ರಯಾಣ, ವಾಂತಿಭೇದಿ, ಖಾಲಿಯಾದ ಪೊಟ್ಟಣ ಇವೆಲ್ಲ ಸೇರಿಕೊಂಡ ವಾಸ್ತವಿಕ ಬಳಕೆಯಲ್ಲಿ ಈ ಸಂಖ್ಯೆ ಸುಮಾರು 70. ಔಷಧ ಅದೇ, ದೇಹವೂ ಅದೇ; ಅಂತರ ಹುಟ್ಟಿದ್ದು ದಿನಚರಿಯಲ್ಲಿ. ಹೀಗಾಗಿಯೇ ಸ್ಮರಣೆಯ ಹೊರೆಯನ್ನು ಇಳಿಸುವ ಸಾಧನಗಳತ್ತ ವಿಜ್ಞಾನ ಸಾಗಿತು. ಮೂರು ತಿಂಗಳಿಗೊಮ್ಮೆ ಪಡೆಯುವ ಇಂಜೆಕ್ಷನ್‌ನಲ್ಲಿ ವಾಸ್ತವಿಕ ವೈಫಲ್ಯ ವರ್ಷಕ್ಕೆ ನೂರಕ್ಕೆ ಸುಮಾರು 4. ತೋಳಿನ ಚರ್ಮದಡಿ ಇಡುವ ಬೆಂಕಿಕಡ್ಡಿ ಗಾತ್ರದ ಇಂಪ್ಲಾಂಟ್‌ನಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ. ಗರ್ಭಾಶಯದೊಳಗೆ ಅಳವಡಿಸಿ ವರ್ಷಗಟ್ಟಲೆ ಹಾರ್ಮೋನ್ ಸೂಸುವ ಸಾಧನವೂ ಇದೇ ಎತ್ತರದಲ್ಲಿ ನಿಲ್ಲುತ್ತದೆ.

ಮಾತ್ರೆಯನ್ನೇ ಆರಿಸಿಕೊಂಡವರಿಗೆ ಎರಡು ನಿಯಮಗಳು ಬಾಯಿಪಾಠವಾಗಿರಬೇಕು. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಉಳಿದವುಗಳನ್ನು ಎಂದಿನಂತೆ ಮುಂದುವರಿಸಬೇಕು. ಎರಡು ಅಥವಾ ಹೆಚ್ಚು ಮರೆತಿದ್ದರೆ ಮುಂದಿನ ಏಳು ದಿನ ಕಾಂಡೋಮ್ ಜೊತೆಗಿರಲಿ. ಇನ್ನೊಂದು ಸಂಗತಿ ನಮ್ಮ ದೇಶಕ್ಕೆ ವಿಶೇಷವಾಗಿ ಅನ್ವಯ: ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಔಷಧಗಳು ಯಕೃತ್ತನ್ನು ಚುರುಕುಗೊಳಿಸಿ ಮಾತ್ರೆಯ ಹಾರ್ಮೋನನ್ನು ಬೇಗನೆ ಕರಗಿಸಿಬಿಡುತ್ತವೆ. ಈ ಚಿಕಿತ್ಸೆಯಲ್ಲಿರುವವರು ಕೇವಲ ಮಾತ್ರೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ದೇಹದ ಪ್ರತಿಕ್ರಿಯೆ

ಮೊದಲ ಎರಡು ಮೂರು ತಿಂಗಳು ವಾಕರಿಕೆ, ಸ್ತನಗಳಲ್ಲಿ ಬಿಗಿತ, ತಲೆನೋವು, ನಡುನಡುವೆ ಕಲೆಯಷ್ಟು ರಕ್ತಸ್ರಾವ ಕಾಣಿಸಿಕೊಳ್ಳಬಹುದು. ಬಹುಪಾಲು ಮಹಿಳೆಯರಲ್ಲಿ ಇವು ತಾವಾಗಿಯೇ ಶಮನಗೊಳ್ಳುತ್ತವೆ. ರಾತ್ರಿ ಊಟದ ನಂತರ ಮಾತ್ರೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ತೂಕದ ವಿಷಯದಲ್ಲಿ ಜನರ ನಂಬಿಕೆಗೂ ಸಂಶೋಧನೆಗೂ ಹೊಂದಾಣಿಕೆಯಿಲ್ಲ: ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಸಂಯುಕ್ತ ಮಾತ್ರೆಗಳಿಂದ ತೂಕ ಗಣನೀಯವಾಗಿ ಏರುತ್ತದೆಂದು ಅಧ್ಯಯನಗಳು ತೋರಿಸಿಲ್ಲ. ಇಂಜೆಕ್ಷನ್ ಪಡೆದ ಕೆಲವರಲ್ಲಿ ಮಾತ್ರ ತೂಕ ಹೆಚ್ಚುವುದು ನಿಜ. ಮನಸ್ಸಿನ ಮೇಲಿನ ಪರಿಣಾಮ ಇದಕ್ಕಿಂತ ಸೂಕ್ಷ್ಮ. 2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಬೃಹತ್ ಅಧ್ಯಯನ ಹಾರ್ಮೋನ್ ಗರ್ಭನಿರೋಧಕಗಳಿಗೂ ಖಿನ್ನತೆಗೂ ನಂಟು ಕಂಡಿತು, ಹದಿಹರೆಯದವರಲ್ಲಿ ಅದು ಹೆಚ್ಚು ಸ್ಪಷ್ಟವಾಗಿತ್ತು. ಒಂದರಿಂದ ಇನ್ನೊಂದು ಉಂಟಾಗುತ್ತದೆಂದು ಇದರಿಂದ ಸಿದ್ಧವಾಗದಿದ್ದರೂ, ಮಾತ್ರೆ ಶುರುವಾದ ಮೇಲೆ ಮನಸ್ಸು ಕುಗ್ಗಿದೆ ಎಂದು ಹೆಣ್ಣುಮಗಳೊಬ್ಬಳು ಹೇಳಿದರೆ ಆ ಮಾತನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಬೇರೆ ಮಾತ್ರೆ, ಬೇರೆ ವಿಧಾನ ಇದ್ದೇ ಇದೆ.

ಗಂಭೀರ ಅಪಾಯವೆಂದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಯುರೋಪಿನ ಔಷಧ ನಿಯಂತ್ರಕರ ಲೆಕ್ಕದಲ್ಲಿ, ಮಾತ್ರೆ ಸೇವಿಸದ 10,000 ಯುವತಿಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗಾಗುತ್ತದೆ. ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಇರುವ ಸಂಯುಕ್ತ ಮಾತ್ರೆ ಸೇವಿಸುವವರಲ್ಲಿ ಇದು 5ರಿಂದ 7. ಡ್ರೊಸ್ಪೈರೆನೋನ್, ಡೆಸೊಜೆಸ್ಟ್ರೆಲ್ ಇರುವ ಮಾತ್ರೆಗಳಲ್ಲಿ 9ರಿಂದ 12. ಮೊಡವೆ ಹೋಗಲಾಡಿಸುತ್ತದೆಂಬ ಖ್ಯಾತಿಯ ಹೊಸ ತಲೆಮಾರಿನ ಮಾತ್ರೆಗಳೇ ಹಳೆಯವುಗಳಿಗಿಂತ ಈ ವಿಷಯದಲ್ಲಿ ಹಿಂದೆ ಬಿದ್ದಿರುವುದು ಗಮನಾರ್ಹ. ಆದರೆ ಗರ್ಭಾವಸ್ಥೆಯಲ್ಲಿ ಈ ಅಪಾಯ ಮಾತ್ರೆ ತರುವ ಅಪಾಯಕ್ಕಿಂತ ಅಧಿಕ, ಹೆರಿಗೆಯಾದ ಮೊದಲ ವಾರಗಳಲ್ಲಂತೂ ಇನ್ನೂ ಹಲವು ಪಟ್ಟು ಅಧಿಕ. ಈ ಹೋಲಿಕೆಯನ್ನು ಮರೆತು ಮಾತ್ರೆಯ ಅಂಕಿಯನ್ನಷ್ಟೇ ಹಿಡಿದು ಹೆದರಿಸುವುದು ನ್ಯಾಯವಲ್ಲ.

ಯಾರಿಗೆ ಸಲ್ಲದು ಎಂಬುದು ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ, 35 ವರ್ಷ ದಾಟಿದ ಧೂಮಪಾನಿಗಳು, ಅಧಿಕ ರಕ್ತದೊತ್ತಡದವರು, ಕಣ್ಣಮುಂದೆ ಮಿಂಚು ಬಂದಂತಾಗಿ ಆರಂಭವಾಗುವ ಅರೆತಲೆನೋವಿನವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಸ್ತನ ಕ್ಯಾನ್ಸರ್ ಅಥವಾ ತೀವ್ರ ಯಕೃತ್ತಿನ ಕಾಯಿಲೆ ಇರುವವರು ಈಸ್ಟ್ರೋಜೆನ್ ಇರುವ ಮಾತ್ರೆಯಿಂದ ದೂರವಿರಬೇಕು. ಹಾಲೂಡಿಸುವ ಹಸಿ ಬಾಣಂತಿಗೂ ಇದು ತಕ್ಕುದಲ್ಲ. ಪ್ರೊಜೆಸ್ಟಿನ್ ಮಾತ್ರವೇ ಇರುವ ಮಾತ್ರೆ ಆಕೆಗೆ ಹೊಂದುತ್ತದೆ. ಮೀನಖಂಡದಲ್ಲಿ ಊತ ಮತ್ತು ತೀವ್ರ ನೋವು, ಎದೆನೋವು, ಏದುಸಿರು, ಹಠಾತ್ತನೆ ಬಂದ ಭೀಕರ ತಲೆನೋವು, ದೃಷ್ಟಿ ಮಂಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಧಾವಿಸಬೇಕು.

ಕ್ಯಾನ್ಸರ್ ಕುರಿತ ಸತ್ಯ ಎರಡು ಮುಖದ್ದು. ಸಂಯುಕ್ತ ಮಾತ್ರೆ ಅಂಡಾಶಯದ ಮತ್ತು ಗರ್ಭಾಶಯದ ಒಳಪದರದ ಕ್ಯಾನ್ಸರನ್ನು ತಗ್ಗಿಸುತ್ತದೆ, ಮಾತ್ರೆ ಬಿಟ್ಟ ಮೇಲೂ ಈ ರಕ್ಷಣೆ ಹಲವು ವರ್ಷ ಉಳಿಯುತ್ತದೆ. ಸ್ತನ ಕ್ಯಾನ್ಸರ್ ಸಾಧ್ಯತೆ ಸೇವಿಸುವ ಕಾಲದಲ್ಲಿ ತುಸು ಏರುತ್ತದೆ. ಸುಮಾರು 18 ಲಕ್ಷ ಡೇನಿಶ್ ಮಹಿಳೆಯರನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಾರ್ಮೋನ್ ವಿಧಾನ ಬಳಸುವ ಸುಮಾರು 7,700 ಮಹಿಳೆಯರಲ್ಲಿ ವರ್ಷಕ್ಕೆ ಒಂದು ಹೆಚ್ಚುವರಿ ಪ್ರಕರಣ. ಐದು ವರ್ಷ ಮೀರಿದ ಬಳಕೆಯಿಂದ ಗರ್ಭಕಂಠದ ಕ್ಯಾನ್ಸರ್ ಸಾಧ್ಯತೆಯೂ ಕೊಂಚ ಹೆಚ್ಚುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತದೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ‘ಅಂತೆ’ಗಾದರೋ ಯಾವ ಆಧಾರವೂ ಇಲ್ಲ. ಇಂಜೆಕ್ಷನ್ ಬಿಟ್ಟ ಬಳಿಕ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗುವುದುಂಟು, ಅಷ್ಟೇ.

ನಮ್ಮ ನೆಲದಲ್ಲಿ

ಮಾತ್ರೆ ಹುಟ್ಟುವುದಕ್ಕೂ ಮೂರು ದಶಕ ಮೊದಲೇ, 1930ರಲ್ಲಿ, ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ಸರ್ಕಾರದ ವತಿಯಿಂದಲೇ ತೆರೆದ ಕೀರ್ತಿ ಮೈಸೂರು ಸಂಸ್ಥಾನದ್ದು. ಜಗತ್ತಿನ ಸರ್ಕಾರಗಳು ಈ ಮಾತೆತ್ತಲೂ ಅಂಜುತ್ತಿದ್ದ ಕಾಲವದು. 1952ರಲ್ಲಿ ಸ್ವತಂತ್ರ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿಸಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾನಂದ್ ಅವರ ನೇತೃತ್ವದ ತಂಡ ಸೆಂಟ್‌ಕ್ರೋಮನ್ ಎಂಬ ಸ್ಟೆರಾಯ್ಡ್‌ರಹಿತ ಮಾತ್ರೆಯನ್ನೇ ಸೃಷ್ಟಿಸಿತು. 1991ರಿಂದ ಸಹೇಲಿ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿರುವ, ಈಗ ಸರ್ಕಾರಿ ಕೇಂದ್ರಗಳಲ್ಲಿ ಛಾಯಾ ಎಂದು ದೊರೆಯುವ ಈ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಆನಂತರ ವಾರಕ್ಕೊಂದು ತೆಗೆದುಕೊಂಡರೆ ಸಾಕು. ಇದು ಹಾರ್ಮೋನ್ ಅಲ್ಲವಾದ್ದರಿಂದ ವಾಕರಿಕೆಯಾಗಲಿ ತಲೆಸುತ್ತಾಗಲಿ ಅಪರೂಪ. ಕೆಲವರಲ್ಲಿ ಮುಟ್ಟು ತಡವಾಗುತ್ತದೆ. ಭಾರತೀಯ ಪ್ರಯೋಗಾಲಯದ ಈ ಸಾಧನೆಗೆ ದೊರೆಯಬೇಕಾದ ಗೌರವ ಇನ್ನೂ ದೊರೆತಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ಇಂಜೆಕ್ಷನ್‌ನ ಹಾದಿ ಮಾತ್ರ ಕಂಟಕಮಯವಾಗಿತ್ತು. 1980ರ ದಶಕದಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಇಂಜೆಕ್ಷನ್‌ನ ಪರೀಕ್ಷೆಗೆ ಮಹಿಳೆಯರನ್ನು ಕರೆತಂದಾಗ, ಅದು ಪ್ರಯೋಗವೆಂಬುದನ್ನೇ ಅವರಿಗೆ ಸರಿಯಾಗಿ ತಿಳಿಸಿಲ್ಲವೆಂದು ಸ್ತ್ರೀ ಶಕ್ತಿ ಸಂಘಟನಾ ಎಂಬ ಮಹಿಳಾ ಸಂಘಟನೆ ಆಕ್ಷೇಪಿಸಿ 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪೋರ್ಟೊರಿಕೊದ ತಪ್ಪು ಇಲ್ಲಿಯೂ ಮರುಕಳಿಸಿತ್ತು. ಸರ್ಕಾರಿ ಕಾರ್ಯಕ್ರಮದಲ್ಲಿ ಮೂರು ತಿಂಗಳ ಇಂಜೆಕ್ಷನ್ ‘ಅಂತರಾ’ ಹೆಸರಿನಲ್ಲಿ ಬಂದದ್ದು 2017ರಲ್ಲಿ. ಮುಟ್ಟು ಏರುಪೇರಾಗುವುದು, ಕ್ರಮೇಣ ನಿಂತೇಹೋಗುವುದು ಇದರ ಸಹಜ ಪರಿಣಾಮ. ಬಳಸುವಷ್ಟು ಕಾಲ ಮೂಳೆಯ ಸಾಂದ್ರತೆ ಸ್ವಲ್ಪ ತಗ್ಗಿ, ಬಿಟ್ಟ ಮೇಲೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಈ ಪರಿಣಾಮಗಳನ್ನು ಮಹಿಳೆಗೆ ಮೊದಲೇ ಹೇಳಿದರೆ ಮುಟ್ಟು ನಿಂತಾಗ ಗಾಬರಿಯಿಲ್ಲ. ಹೇಳದಿದ್ದರೆ ಎರಡನೆಯ ಇಂಜೆಕ್ಷನ್‌ಗೆ ಆಕೆ ಬರುವುದೇ ಇಲ್ಲ.

ಕರ್ನಾಟಕದ ಚಿತ್ರ ಯೋಚನೆಗೆ ಹಚ್ಚುವಂಥದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ದೇಶದ ಸರಾಸರಿ ಶೇ 38. ದೇಶದಲ್ಲಿ ಮಾತ್ರೆ ಬಳಸುವವರ ಪ್ರಮಾಣ ಶೇ 5 ಮಾತ್ರ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಕೂಡಲೇ ಆಪರೇಷನ್ ಎಂಬ ದಾರಿಯಲ್ಲಿ ನಡುವೆ ನಿಂತು ಉಸಿರಾಡಲು ಅವಕಾಶವೇ ಇಲ್ಲ. ಎರಡು ಹೆರಿಗೆಗಳ ನಡುವೆ ತಾಯಿಯ ದೇಹಕ್ಕೆ ಬೇಕಾದ ಬಿಡುವನ್ನು ಕೊಡುವುದೇ ತಾತ್ಕಾಲಿಕ ವಿಧಾನಗಳ ಪರಮ ಪ್ರಯೋಜನ. ಆ ಪ್ರಯೋಜನವನ್ನು ನಾವಿನ್ನೂ ಪೂರ್ಣವಾಗಿ ಪಡೆದುಕೊಂಡಿಲ್ಲ. ಇತ್ತ ನಗರಗಳ ತರುಣಿಯರು ಔಷಧದಂಗಡಿಯ ತುರ್ತು ಮಾತ್ರೆಯನ್ನೇ ಮತ್ತೆಮತ್ತೆ ನುಂಗುತ್ತಿರುವುದೂ ಕಳವಳದ ಸಂಗತಿ. 72 ಗಂಟೆಯೊಳಗೆ ತೆಗೆದುಕೊಳ್ಳುವ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಆಪತ್ಕಾಲಕ್ಕೆ ಉಪಕಾರಿ, ಅದು ಗರ್ಭಪಾತದ ಮಾತ್ರೆಯೂ ಅಲ್ಲ. ಆದರೆ ನಿತ್ಯದ ಮಾತ್ರೆಯಷ್ಟು ಪರಿಣಾಮ ಅದಕ್ಕಿಲ್ಲ, ಪದೇ ಪದೇ ತೆಗೆದುಕೊಂಡರೆ ಮುಟ್ಟಿನ ಲೆಕ್ಕವೇ ತಪ್ಪುತ್ತದೆ.

ಪುರುಷರಿಗಾಗಿ ಹಾರ್ಮೋನ್ ವಿಧಾನವೊಂದನ್ನು ರೂಪಿಸುವ ಯತ್ನಗಳೂ ಸಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ನಡೆದ ಇಂಜೆಕ್ಷನ್ ಪರೀಕ್ಷೆಯೊಂದು ಪರಿಣಾಮಕಾರಿಯೆನಿಸಿದರೂ ಮನಸ್ಥಿತಿಯ ಏರುಪೇರು ಮೊದಲಾದ ಅಡ್ಡಪರಿಣಾಮಗಳ ಕಾರಣಕ್ಕೆ 2011ರಲ್ಲಿ ಅರ್ಧಕ್ಕೇ ನಿಂತಿತು. ಭುಜಕ್ಕೆ ಹಚ್ಚುವ ಹಾರ್ಮೋನ್ ಲೇಪ ಈಗ ಪರೀಕ್ಷೆಯ ಹಂತದಲ್ಲಿದೆ. ಅದು ಕೈಗೆ ಬರುವವರೆಗೂ ಗಂಡನ ಪಾಲಿನ ಹೊಣೆ ಕಾಂಡೋಮ್ ಮತ್ತು ಎನ್ಎಸ್‌ವಿ ಎಂಬ, ಕತ್ತಿ ಬಳಸದ ಸರಳ ಪುರುಷ ಸಂತಾನಹರಣ ಚಿಕಿತ್ಸೆಯಲ್ಲಿದೆ.

ಸರ್ಕಾರದ ಗರ್ಭನಿರೋಧಕ ಮಾತ್ರೆ ಮಾಲಾ-ಎನ್‌ನ ಪೊಟ್ಟಣದಲ್ಲಿ 21 ಹಾರ್ಮೋನ್ ಮಾತ್ರೆಗಳು, 7 ಕಬ್ಬಿಣಾಂಶದ ಮಾತ್ರೆಗಳು ಇರುತ್ತವೆ. ಅದೂ, ಛಾಯಾ ಮತ್ತು ಅಂತರಾ ಕೂಡ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರುತ್ತಾರೆ. ಆರಂಭಿಸುವ ಮುನ್ನ ರಕ್ತದೊತ್ತಡ ಅಳೆಯಿಸಿಕೊಳ್ಳಿ. ಅರೆತಲೆನೋವು, ನಿತ್ಯ ಸೇವಿಸುವ ಔಷಧ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ ಆ ವಿಷಯ, ಯಾವುದನ್ನೂ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಮೂರು ತಿಂಗಳಾದರೂ ತೊಂದರೆ ತಗ್ಗದಿದ್ದರೆ ಸುಮ್ಮನೆ ಸಹಿಸಬೇಡಿ, ಸುಮ್ಮನೆ ಬಿಟ್ಟೂ ಬಿಡಬೇಡಿ. ಹೋಗಿ ಬೇರೆ ವಿಧಾನ ಕೇಳಿ ಪಡೆಯಿರಿ.